ವಿಷ ಒಡಲು ಸೇರಿದಾಗ: ಆಸ್ಪತ್ರೆ ಮುಟ್ಟುವ ಮೊದಲಿನ ಅರ್ಧ ಗಂಟೆ
ಹೊಟೇಲು, ಕ್ಯಾಂಟೀನು, ಚಾಳು, ಸೊಸೈಟಿಗಳಲ್ಲಿ ತುಳು-ಕನ್ನಡಿಗರು ತಿಳಿದಿರಬೇಕಾದ ಪ್ರಥಮ ಚಿಕಿತ್ಸೆ

ಫೋರ್ಟ್: 2010ರ ಜುಲೈ 14ರ ಮುಂಜಾನೆ ಶಿವಡಿಯ ಹಾಜಿ ಬಂದರಿನಲ್ಲಿ ಗಾಳಿಯೇ ವಿಷವಾಯಿತು. ಮುಂಬಯಿ ಪೋರ್ಟ್ ಟ್ರಸ್ಟ್‌ನ ಆವರಣದಲ್ಲಿ ವರ್ಷಗಟ್ಟಲೆ ವಾರಸುದಾರರಿಲ್ಲದೆ ಬಿದ್ದಿದ್ದ ಹಳೆಯ ಕ್ಲೋರಿನ್ ಸಿಲಿಂಡರ್‌ಗಳಲ್ಲಿ ಒಂದು ಸೋರತೊಡಗಿತ್ತು. ಸಮೀಪದ ನೌಕಾ ತರಬೇತಿ ಕಾಲೇಜಿನ ವಿದ್ಯಾರ್ಥಿಗಳು, ಬಂದರಿನ ಕಾರ್ಮಿಕರು, ನೆರವಿಗೆ ಧಾವಿಸಿದ ಅಗ್ನಿಶಾಮಕ ದಳದವರು ಸೇರಿ ನೂರಕ್ಕೂ ಹೆಚ್ಚು ಮಂದಿ ಕೆಮ್ಮು, ಕಣ್ಣುರಿ, ಉಸಿರುಕಟ್ಟುವಿಕೆಯಿಂದ ಬಳಲಿ ಜೆ.ಜೆ. ಮತ್ತಿತರ ಆಸ್ಪತ್ರೆಗಳ ಮೆಟ್ಟಿಲು ಹತ್ತಬೇಕಾಯಿತು.

ಫೋರ್ಟ್‌ನಿಂದ ಶಿವಡಿ ಹಾರ್ಬರ್ ಲೈನಿನಲ್ಲಿ ಕೆಲವೇ ಸ್ಟೇಶನ್‌ಗಳ ದೂರ. ಬಂದರಿನ ಬದಿಯಲ್ಲೇ ಬೆಳೆದ ಈ ಪೇಟೆಗೆ ಅಪಾಯಕಾರಿ ಸರಕಿನ ಸಹವಾಸ ಹೊಸತಲ್ಲ. 1944ರ ಎಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟೈಕಿನ್' ಹಡಗು ಸಿಡಿದು ನಗರವನ್ನೇ ನಡುಗಿಸಿದ ದಿನವನ್ನು ದೇಶದ ಅಗ್ನಿಶಾಮಕ ಸಿಬ್ಬಂದಿ ಇಂದಿಗೂ ಪ್ರತಿವರ್ಷ ಸ್ಮರಿಸುತ್ತಾರೆ. ಆದರೆ ಸಾಮಾನ್ಯ ಜನರ ಪಾಲಿಗೆ ವಿಷದ ಅಪಾಯ ಬಂದರಿಗಿಂತಲೂ ಹತ್ತಿರದಲ್ಲಿದೆ. ಹೊಟೇಲಿನ ಮೋರಿಯ ಪಕ್ಕದ ಆ್ಯಸಿಡ್ ಬಾಟಲಿ, ಅಕ್ಕಿ ಚೀಲಗಳ ನಡುವಿನ ಇಲಿ ಪಾಷಾಣ, ಮನೆಯ ಬಾತ್‌ರೂಮಿನ ಗ್ಯಾಸ್ ಗೀಸರ್, ಸೊಸೈಟಿಯ ಮಲಗುಂಡಿ ಇವೆಲ್ಲ ದಿನನಿತ್ಯ ಕಣ್ಣಿಗೆ ಬೀಳುವಂಥವೇ. ಇಂಥ ಸಂದರ್ಭದಲ್ಲಿ ಡಾಕ್ಟರು ಕೈಹಚ್ಚುವ ಮೊದಲು ಅಕ್ಕಪಕ್ಕದವರು ಏನು ಮಾಡುತ್ತಾರೆ, ಏನು ಮಾಡದೆ ಇರುತ್ತಾರೆ ಎನ್ನುವುದರ ಮೇಲೆ ಎಷ್ಟೋ ಜೀವಗಳ ಅಳಿವು ಉಳಿವು ನಿಂತಿದೆ.

ರಾತ್ರಿಯ ಫೋರ್ಟ್

ಹಗಲು ಲಕ್ಷಾಂತರ ಜನ ತುಂಬಿ ತುಳುಕುವ ಫೋರ್ಟ್ ರಾತ್ರಿಯಾದಂತೆ ಬರಿದಾಗುತ್ತದೆ. ಆಫೀಸುಗಳ ಬಾಗಿಲು ಮುಚ್ಚಿದ ಮೇಲೆ ಉಳಿಯುವವರು ವಾಚ್‌ಮನ್‌ಗಳು ಮತ್ತು ಹೊಟೇಲು, ಕ್ಯಾಂಟೀನುಗಳ ಕಾರ್ಮಿಕರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ತುಳು-ಕನ್ನಡಿಗ ಹುಡುಗರು ಇದೇ ಪರಿಸರದ ಹೊಟೇಲುಗಳಲ್ಲಿ ಹಗಲು ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು, ಅಡುಗೆಮನೆಯ ಮೇಲಿನ ಅಟ್ಟದಲ್ಲೋ ಬೆಂಚಿನ ಮೇಲೋ ಮಲಗಿ ಬಾಳು ಕಟ್ಟಿಕೊಂಡದ್ದು ಮುಂಬಯಿ ಕನ್ನಡಿಗರ ಇತಿಹಾಸದ ದೊಡ್ಡ ಅಧ್ಯಾಯ. ಇಂದು ಆ ಅಟ್ಟಗಳಲ್ಲಿ ಮಲಗುವವರು ಹೆಚ್ಚಾಗಿ ಬೇರೆ ರಾಜ್ಯಗಳ ಹುಡುಗರಿರಬಹುದು. ಗಲ್ಲೆಯಲ್ಲಿ ಕುಳಿತವರು ಕನ್ನಡಿಗರಾಗಿರುವಲ್ಲೆಲ್ಲ ಅವರ ಕ್ಷೇಮದ ಹೊಣೆ ಕನ್ನಡಿಗರದ್ದೇ.

ಫೋರ್ಟ್‌ನವರಿಗೆ ಒಂದು ಅನುಕೂಲವೂ ಇದೆ. ಸಿ.ಎಸ್.ಎಂ.ಟಿ. ಪಕ್ಕದಲ್ಲೇ ಸೈಂಟ್ ಜಾರ್ಜ್ ಆಸ್ಪತ್ರೆ, ಕ್ರಾಫರ್ಡ್ ಮಾರ್ಕೆಟಿನ ಆಚೆ ಜಿ.ಟಿ. ಆಸ್ಪತ್ರೆ, ಇನ್ನಷ್ಟು ಮುಂದೆ ಭಾಯಿಖಳಾದಲ್ಲಿ ಜೆ.ಜೆ. ಆಸ್ಪತ್ರೆ. ಮೂರೂ ಸರಕಾರಿ ಆಸ್ಪತ್ರೆಗಳು. ಹೀಗಿರುವಾಗ ಇಲ್ಲಿ ಸಮಯ ಹಾಳಾಗುವುದು ದಾರಿಯಲ್ಲಲ್ಲ, ಹೊರಡುವ ಮೊದಲು. ಯಜಮಾನರಿಗೆ ಫೋನ್ ಮಾಡೋಣ, ವಾಂತಿ ಮಾಡಿಸಿ ನೋಡೋಣ, ಬೆಳಗಾಗಲಿ ಎನ್ನುವ ಮಾತುಗಳಲ್ಲೇ ಅಮೂಲ್ಯ ಗಳಿಗೆ ಕಳೆದುಹೋಗುತ್ತದೆ.

ಉಪ್ಪುನೀರು ಕುಡಿಸಬೇಡಿ

ವಿಷ ಸೇವಿಸಿದವರಿಗೆ ಉಪ್ಪುನೀರು, ಸಾಬೂನು ನೀರು, ಹುಣಸೆ ನೀರು, ಸೆಗಣಿ ನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ಕಾರಿಸುವುದು ಊರಿನಿಂದ ಬಂದ ರೂಢಿ. ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಇಂದಿನ ವೈದ್ಯಶಾಸ್ತ್ರ ಇದನ್ನು ಸ್ಪಷ್ಟವಾಗಿ ಬೇಡವೆನ್ನುತ್ತದೆ, ಅದಕ್ಕೆ ಕಾರಣಗಳೂ ಇವೆ.

ಟಾಯ್ಲೆಟ್ ಆ್ಯಸಿಡ್, ಮೋರಿ ಬಿಡಿಸುವ ಕಾಸ್ಟಿಕ್ ಸೋಡಾದಂಥ ವಸ್ತುಗಳು ಇಳಿಯುವಾಗ ಅನ್ನನಾಳವನ್ನು ಒಮ್ಮೆ ಸುಟ್ಟಿರುತ್ತವೆ. ವಾಂತಿ ಮಾಡಿಸಿದರೆ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತವೆ. ಸೀಮೆಎಣ್ಣೆ, ಥಿನ್ನರ್, ಟರ್ಪೆಂಟೈನ್ ಹೊಟ್ಟೆಯಲ್ಲಿರುವುದಕ್ಕಿಂತ ಶ್ವಾಸಕೋಶಕ್ಕೆ ಹೋದಾಗ ಹೆಚ್ಚು ಅಪಾಯಕಾರಿ. ವಾಂತಿಯ ಹೊತ್ತಿಗೆ ಅವು ಸುಲಭವಾಗಿ ಅಲ್ಲಿಗೆ ಜಾರುತ್ತವೆ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನನ್ನೇ ಹುಯ್ದರೂ ಅದು ಉಸಿರಿನ ದಾರಿ ಹಿಡಿಯಬಹುದು. ಇನ್ನು ಉಪ್ಪುನೀರು ಸ್ವತಃ ಮಾರಕವಾಗಬಲ್ಲದು. ರಕ್ತದಲ್ಲಿ ಉಪ್ಪಿನಂಶ ವಿಪರೀತ ಏರಿ ಮೆದುಳಿಗೇ ಪೆಟ್ಟು ಬೀಳುತ್ತದೆ.

ಹಾಲು, ಮೊಟ್ಟೆಯ ಬಿಳಿ, ಎಳನೀರು ವಿಷವನ್ನು 'ಮುರಿಯುತ್ತವೆ' ಎಂಬ ನಂಬಿಕೆಯನ್ನೂ ಬಿಡಬೇಕು. ಗೋದಾಮುಗಳಲ್ಲಿ ಧಾನ್ಯಕ್ಕೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ವಿಷಯದಲ್ಲಂತೂ ಬರೀ ನೀರೂ ಶತ್ರು. ತೇವ ತಗುಲಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲ ಉಗುಳುತ್ತದೆ. ಅದಕ್ಕೆ ನಿರ್ದಿಷ್ಟವಾದ ಪ್ರತಿವಿಷವೇ ಇಲ್ಲ. ಅಕ್ಕಿ, ಬೇಳೆ ದಾಸ್ತಾನಿರುವ ಕೋಣೆಯಲ್ಲಿ ಈ ಮಾತ್ರೆ ಇಟ್ಟು ಅಲ್ಲೇ ಹುಡುಗರನ್ನು ಮಲಗಿಸುವುದು ಸಾವನ್ನು ಆಹ್ವಾನಿಸಿದಂತೆ.

ಹಾಗಾದರೆ ಮಾಡಬೇಕಾದುದೇನು?

ವ್ಯಕ್ತಿ ಎಚ್ಚರವಾಗಿದ್ದರೆ ಬಾಯಿಯಲ್ಲಿ ಉಳಿದದ್ದನ್ನು ಉಗುಳಿಸಿ, ಬಾಯಿ ಮುಕ್ಕಳಿಸಿ ಉಗುಳಲು ಹೇಳಿ, ಕೂಡಲೇ ಆಸ್ಪತ್ರೆಗೆ ಹೊರಡಿಸಬೇಕು. ಡಾಕ್ಟರು ಹೇಳದ ಹೊರತು ತಿನ್ನಲು, ಕುಡಿಯಲು ಏನೂ ಕೊಡಬಾರದು. ಪ್ರಜ್ಞೆ ತಪ್ಪಿದ್ದು ಉಸಿರಾಟ ಇದ್ದರೆ ಎಡಮಗ್ಗುಲಿಗೆ ಹೊರಳಿಸಿ, ಮುಖ ಸ್ವಲ್ಪ ಕೆಳಕ್ಕೆ ಬಾಗಿರುವಂತೆ ಮಲಗಿಸಬೇಕು. ಆಗ ವಾಂತಿ ಬಂದರೂ ಹೊರಗೆ ಹರಿಯುತ್ತದೆ. ಅಂಗಾತ ಮಲಗಿಸಿ ತಲೆದಿಂಬು ಕೊಡುವುದು ತಪ್ಪು.

ಉಸಿರಾಟವೇ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಬೇಕು. ಕೀಟನಾಶಕ ಅಥವಾ ಫಾಸ್ಫೈಡ್ ಸೇವಿಸಿದವರ ಬಾಯಿಗೆ ಬಾಯಿ ಇಟ್ಟು ಉಸಿರು ತುಂಬಲು ಹೋಗಬಾರದು. ನೆರವಾಗಲು ಹೋದವರೂ ಹಾಸಿಗೆ ಹಿಡಿಯಬೇಕಾದೀತು.

ಇನ್ನೊಂದು ಮುಖ್ಯ ಕೆಲಸವೆಂದರೆ ವಿಷದ ಬಾಟಲಿ, ಪೊಟ್ಟಣ, ಮಾತ್ರೆಯ ಹಾಳೆ ಏನು ಸಿಕ್ಕಿದರೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಕೊಂಡೊಯ್ಯುವುದು. 'ಏನೋ ಬಿಳಿ ಪುಡಿ' ಎಂದರೆ ಡಾಕ್ಟರಿಗೆ ತಿಳಿಯುವುದಿಲ್ಲ. ಲೇಬಲ್‌ನಲ್ಲಿರುವ ರಾಸಾಯನಿಕದ ಹೆಸರು ಕಂಡರೆ ಚಿಕಿತ್ಸೆಯ ದಾರಿ ಕೂಡಲೇ ತೆರೆಯುತ್ತದೆ. ಎಷ್ಟು ಹೊತ್ತಿಗೆ, ಸುಮಾರು ಎಷ್ಟು, ಜೊತೆಗೆ ಮದ್ಯವಿತ್ತೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿದ್ಧವಿರಲಿ.

ಸುಳ್ವಾಡಿ ಹೇಳಿದ ಪಾಠ

ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ 2018ರ ಡಿಸೆಂಬರ್ 14ರಂದು ಪ್ರಸಾದ ಉಂಡ ಭಕ್ತರಲ್ಲಿ 17 ಮಂದಿ ಅಸುನೀಗಿದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಪ್ರಸಾದದಲ್ಲಿ ಮೋನೋಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆಸಲಾಗಿತ್ತು. ಅಸ್ವಸ್ಥರನ್ನು ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಿ ಸೇರಿಸಬೇಕಾಯಿತು. 2013ರ ಜುಲೈಯಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳನ್ನು ಬಲಿ ಪಡೆದದ್ದೂ ಇದೇ ವಿಷ.

ಈ ವರ್ಗದ ಕೀಟನಾಶಕ ದೇಹ ಸೇರಿದರೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ ಶುರುವಾಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಎದೆಯಲ್ಲಿ ಕಫ ತುಂಬಿ, ಉಸಿರಾಟದ ಸ್ನಾಯುಗಳು ಸೋತು ರೋಗಿ ಕೊನೆಯುಸಿರೆಳೆಯುತ್ತಾನೆ. ಅಟ್ರೋಪಿನ್ ಎಂಬ ಅಗ್ಗದ ಚುಚ್ಚುಮದ್ದು ಸಕಾಲದಲ್ಲಿ ಸಿಕ್ಕಿದರೆ ಇವರನ್ನು ಉಳಿಸಿಕೊಳ್ಳಬಹುದು. ಅದು ಸಿಗುವುದು ಆಸ್ಪತ್ರೆಯಲ್ಲಿ.

ಈ ವಿಷ ಚರ್ಮದ ಮೂಲಕವೂ ಒಳಹೋಗುತ್ತದೆ ಎನ್ನುವುದು ಗಮನಾರ್ಹ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿ ಹೊಲಕ್ಕೆ ಔಷಧ ಸಿಂಪಡಿಸುತ್ತಿದ್ದ ರೈತರು, ಕೂಲಿಗಳು ಕುಡಿಯದೆಯೇ ವಿಷಕ್ಕೆ ಬಲಿಯಾದರು. ರೋಗಿಯ ಬಟ್ಟೆಯ ಮೇಲೆ ಕೀಟನಾಶಕ ಚೆಲ್ಲಿದ್ದರೆ ಬಟ್ಟೆ ತೆಗೆಸಿ, ಮೈಯನ್ನು ಸಾಬೂನು ಹಚ್ಚಿ ತೊಳೆದು ಕಳುಹಿಸಬೇಕು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಊರಿನಲ್ಲಿ ಅಡಿಕೆ, ಭತ್ತಕ್ಕೆ ಮದ್ದು ಬಿಡುವ ಬಂಧುಗಳಿಗೂ ಈ ಮಾತು ಮುಟ್ಟಬೇಕಾಗಿದೆ.

'ಈಗ ಆರಾಮ ಇದ್ದಾನೆ' ಎಂಬ ಮೋಸ

ಕೆಲವು ವಿಷಗಳು ಕೂಡಲೇ ಮುಖ ತೋರಿಸುವುದಿಲ್ಲ. 2004ರ ಡಿಸೆಂಬರ್‌ನಲ್ಲಿ ವಿಕ್ರೋಲಿಯಲ್ಲಿ ಕಳ್ಳಭಟ್ಟಿ ಕುಡಿದು 80ಕ್ಕೂ ಹೆಚ್ಚು ಜನ ಸತ್ತರು. 2015ರ ಜೂನ್‌ನಲ್ಲಿ ಮಾಲಾಡ್‌ನ ಮಾಲ್ವಣಿಯಲ್ಲಿ ಸತ್ತವರ ಸಂಖ್ಯೆ ನೂರು ದಾಟಿತು. ಅದಕ್ಕೂ ಮೊದಲು 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ, 2008ರಲ್ಲಿ ಕರ್ನಾಟಕ-ತಮಿಳುನಾಡು ಗಡಿಭಾಗದಲ್ಲಿ 150ಕ್ಕೂ ಮಿಕ್ಕಿ ಜನ ಇದೇ ರೀತಿ ಕಣ್ಮುಚ್ಚಿದ್ದರು. ಕಳ್ಳಭಟ್ಟಿಗೆ ಮೆಥನಾಲ್ ಬೆರೆತಾಗ ಇಂಥ ಸಾಮೂಹಿಕ ಸಾವು ಸಂಭವಿಸುತ್ತದೆ. ಕುಡಿದ ರಾತ್ರಿ ಮಾಮೂಲಿ ಅಮಲು. ಸುಮಾರು 12ರಿಂದ 24 ಗಂಟೆಗಳ ಬಳಿಕ ತಲೆನೋವು, ಹೊಟ್ಟೆನೋವು, ಏದುಸಿರು, ಕಣ್ಣಿಗೆ ಮಂಜು ಕವಿದಂತಾಗುವುದು. 'ನಿನ್ನೆಯದು ಇಳಿದಿಲ್ಲ' ಎಂದು ಮಲಗಿಸಿದರೆ ದೃಷ್ಟಿ ಹೋಗುತ್ತದೆ, ಕೊನೆಗೆ ಜೀವವೂ ಹೋಗುತ್ತದೆ. ಕುಡಿದ ಮರುದಿನ ಕಣ್ಣು ಮಸುಕಾಯಿತು ಎಂದು ಯಾರಾದರೂ ಹೇಳಿದರೆ ಅದನ್ನು ತುರ್ತು ಸ್ಥಿತಿ ಎಂದೇ ತಿಳಿಯಬೇಕು. ಪ್ರತಿವಿಷ ಮತ್ತು ಡಯಾಲಿಸಿಸ್‌ನಿಂದ ಬದುಕಿಸಲು ಸಾಧ್ಯವಿದೆ. ಜೊತೆಗೆ ಕುಡಿದ ಉಳಿದವರನ್ನೂ ಅವರು ಆರಾಮ ಇದ್ದರೂ ಹುಡುಕಿ ಕರೆದೊಯ್ಯಬೇಕು.

ಹಳದಿ ರಂಜಕವಿರುವ ಇಲಿ ಪೇಸ್ಟ್‌ನ ಕಥೆಯೂ ಇಂಥದೇ. ತಿಂದ ಮೇಲೆ ಒಂದಿಷ್ಟು ವಾಂತಿಯಾಗಿ ನಿಲ್ಲುತ್ತದೆ. ಒಂದೆರಡು ದಿನ ರೋಗಿ ಓಡಾಡಿಕೊಂಡೂ ಇರುತ್ತಾನೆ. ಆ ಬಳಿಕ ಯಕೃತ್ತು ಕೈಕೊಡುತ್ತದೆ. ಜ್ವರಕ್ಕೆಂದು ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಮಿತಿಮೀರಿ ನುಂಗಿದಾಗಲೂ ಹೀಗೆಯೇ. ಲಕ್ಷಣ ಕಾಣಿಸಲಿ ಎಂದು ಕಾಯುವುದು ಚಿಕಿತ್ಸೆಯ ಸಮಯವನ್ನು ಕೈಯಾರೆ ಚೆಲ್ಲಿದಂತೆ.

ವಿಷಗಾಳಿ: ಮೊದಲು ಸ್ವಂತ ಜೀವ

ಹೊಟೇಲಿನ ಟಾಯ್ಲೆಟ್ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರ್ ಮೇಲೆ ಆ್ಯಸಿಡ್ ಸುರಿಯುವ ಅಭ್ಯಾಸ ಹಲವೆಡೆ ಇದೆ. ಎರಡೂ ಸೇರಿದಾಗ ಹುಟ್ಟುವುದು ಶಿವಡಿಯಲ್ಲಿ ಸೋರಿದ ಅದೇ ಕ್ಲೋರಿನ್. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲಮಟ್ಟದಲ್ಲೇ ಹರಡುತ್ತದೆ. ಬಗ್ಗಿ ಕುಳಿತವರಿಗೆ, ಬೇಸ್‌ಮೆಂಟಿನಲ್ಲಿದ್ದವರಿಗೆ ಮೊದಲ ಪೆಟ್ಟು. ಆಗ ಕೂಡಲೇ ಹೊರಬಂದು ಗಾಳಿ ಬೀಸಿ ಬರುವ ದಿಕ್ಕಿಗೆ, ಸಾಧ್ಯವಾದಷ್ಟು ಎತ್ತರದ ಜಾಗಕ್ಕೆ ಹೋಗಬೇಕು. ಒದ್ದೆ ಬಟ್ಟೆಯಿಂದ ಮೂಗು, ಬಾಯಿ ಮುಚ್ಚಿಕೊಂಡರೆ ಒಂದಿಷ್ಟು ರಕ್ಷಣೆ ಸಿಗುತ್ತದೆ. ಹೊರಗೆ ದೊಡ್ಡ ಸೋರಿಕೆಯಾಗಿ ಓಡಲು ದಾರಿಯಿಲ್ಲದಿದ್ದರೆ ಮೇಲಿನ ಮಹಡಿಗೆ ಹೋಗಿ ಕಿಟಕಿ ಮುಚ್ಚಿ, ಎ.ಸಿ. ಮತ್ತು ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡಬೇಕು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಸಾವಿರಾರು ಮಂದಿಯನ್ನು ಬಲಿ ಪಡೆದ ಅನಿಲವೂ ಗಾಳಿಗಿಂತ ಭಾರವಾದದ್ದೇ. ಎತ್ತ ಓಡಬೇಕು, ಮುಖಕ್ಕೆ ಏನು ಕಟ್ಟಿಕೊಳ್ಳಬೇಕು ಎಂದು ಅಲ್ಲಿನ ಜನರಿಗೆ ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ.

ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಂದೂರ್ ಭಟ್ಟಿಯ ಆರದ ಇದ್ದಿಲಿನ ಪಕ್ಕ ಬಾಗಿಲು ಮುಚ್ಚಿ ಮಲಗುವುದು, ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುವುದು ಎರಡೂ ಅಪಾಯವೇ. ಒಂದೇ ಕೋಣೆಯ ಹಲವರಿಗೆ ಏಕಕಾಲಕ್ಕೆ ತಲೆನೋವು, ವಾಕರಿಕೆ, ಮಂಪರು ಬಂದರೆ ಆಹಾರದ ದೋಷ ಎಂದುಕೊಳ್ಳದೆ ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ತರಬೇಕು.

ಮಲಗುಂಡಿ ಮತ್ತು ಮುಚ್ಚಿದ ಮೋರಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಪ್ರಮಾಣ ಹೆಚ್ಚಿದ್ದರೆ ಅದು ಮೂಗಿನ ಶಕ್ತಿಯನ್ನೇ ಕಸಿಯುತ್ತದೆ. ವಾಸನೆ ಹೋಯಿತು, ಅಪಾಯ ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವ, ಮೂರನೆಯವ ಕೂಡ ಸಾಯುವ ವರದಿಗಳು ಮತ್ತೆ ಮತ್ತೆ ಬರುತ್ತಿವೆ. ಇಳಿಯಬೇಡಿ, 101ಕ್ಕೆ ಕರೆ ಮಾಡಿ. ಉಸಿರಾಟದ ಸಲಕರಣೆ ಇರುವ ಅಗ್ನಿಶಾಮಕ ದಳವೇ ಬರಬೇಕು. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದು 2013ರ ಕಾಯಿದೆಯನ್ವಯ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಸೊಸೈಟಿಗಳ ಕಾರ್ಯದರ್ಶಿಗಳೂ ಹೊಟೇಲು ಮಾಲಕರೂ ಇದನ್ನು ನೆನಪಿಡಬೇಕು.

ಕಣ್ಣಿಗೆ, ಮೈಗೆ ಬಿದ್ದರೆ

ಆ್ಯಸಿಡ್, ಕಾಸ್ಟಿಕ್, ಸುಣ್ಣ ಕಣ್ಣಿಗೆ ಬಿದ್ದರೆ ನಳ್ಳಿ ನೀರೇ ಮೊದಲ ಮದ್ದು. ರೆಪ್ಪೆ ಬಿಡಿಸಿ ಹಿಡಿದು, ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗದಂತೆ ತಲೆ ವಾಲಿಸಿ ಕನಿಷ್ಠ 15ರಿಂದ 20 ನಿಮಿಷ ಎಡೆಬಿಡದೆ ತೊಳೆಯಬೇಕು. ಹಾಲು, ತುಪ್ಪ, ಮನೆಯಲ್ಲಿದ್ದ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಮೈಗೆ ಬಿದ್ದರೂ ಬಟ್ಟೆ ಕಳಚಿ ಧಾರಾಳ ನೀರು ಹರಿಸಬೇಕು. ಸುಣ್ಣದಂಥ ಒಣ ಪುಡಿಯಾದರೆ ಮೊದಲು ಕೊಡವಿ ಅನಂತರ ನೀರು. ಆ್ಯಸಿಡ್‌ಗೆ ಸೋಡಾ, ಕಾಸ್ಟಿಕ್‌ಗೆ ಲಿಂಬೆ ಎಂಬ ಪ್ರಯೋಗ ಮಾಡಿದರೆ ಅಲ್ಲಿ ಹುಟ್ಟುವ ಶಾಖದಿಂದ ಗಾಯ ಇನ್ನೂ ಆಳವಾಗುತ್ತದೆ.

ಬಾಟಲಿಯೊಂದು, ಒಳಗಿನದ್ದು ಇನ್ನೊಂದು

ವಿಷಪ್ರಾಶನದ ಅವಘಡಗಳಿಗೆ ದೊಡ್ಡ ಕಾರಣ ಬಾಟಲಿಗಳ ಅದಲುಬದಲು. ಬಿಸ್ಲೇರಿ ಬಾಟಲಿಯಲ್ಲಿ ಥಿನ್ನರ್, ಕೋಲಾ ಬಾಟಲಿಯಲ್ಲಿ ಫಿನೈಲ್ ತುಂಬಿಡುವುದು ಮುಂಬಯಿಯ ಮನೆ, ಹೊಟೇಲುಗಳಲ್ಲಿ ಸಾಮಾನ್ಯ. 2021ರ ಜನವರಿ 31ರಂದು ಯವತ್ಮಾಳ ಜಿಲ್ಲೆಯಲ್ಲಿ 12 ಮಕ್ಕಳಿಗೆ ಪೋಲಿಯೊ ಹನಿಯ ಬದಲು ಸ್ಯಾನಿಟೈಸರ್ ಕುಡಿಸಲಾಗಿತ್ತು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಒಂದು ಹೊಟೇಲಿನಲ್ಲಿ ಊಟದ ನಂತರ ಮುಖವಾಸದ ಹೆಸರಿನಲ್ಲಿ ಕೊಟ್ಟದ್ದು ಡ್ರೈ ಐಸ್. ಅದನ್ನು ಬಾಯಿಗೆ ಹಾಕಿಕೊಂಡ ಐದು ಗಿರಾಕಿಗಳು ರಕ್ತ ಕಾರಿ ಆಸ್ಪತ್ರೆ ಸೇರಿದರು. ತರಬೇತಿ ಇರುವವರ ನಡುವೆಯೇ ಇಂಥ ಪ್ರಮಾದ ನಡೆಯುವುದಾದರೆ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗನನ್ನು ದೂರಿ ಫಲವಿಲ್ಲ. ರಾಸಾಯನಿಕಗಳು ಅವುಗಳ ಮೂಲ ಡಬ್ಬಿಯಲ್ಲೇ, ಬೀಗವಿರುವ ಬೇರೆ ಕಪಾಟಿನಲ್ಲೇ ಇರಬೇಕು. ಓದಲು ಬಾರದವರಿಗೂ ತಿಳಿಯುವಂತೆ ಕೆಂಪು ಗುರುತು ಇರಲಿ.

ಪೊಲೀಸರ ಭಯ ಬೇಡ

ವಿಷ ಸೇವನೆಯ ಪ್ರಕರಣವನ್ನು ಆಸ್ಪತ್ರೆಯಲ್ಲಿ 'ಎಂ.ಎಲ್.ಸಿ.' ಎಂದು ದಾಖಲಿಸುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಮಾನ, ಮರ್ಯಾದೆ, ಕೋರ್ಟು ಕಚೇರಿಗೆ ಹೆದರಿ ಹಲವು ಕುಟುಂಬಗಳು 'ಫುಡ್ ಪಾಯ್ಸನ್' ಎಂದು ಸುಳ್ಳು ಹೇಳುತ್ತವೆ. ಆ ಒಂದು ಸುಳ್ಳಿನಿಂದ ತಪ್ಪು ಚಿಕಿತ್ಸೆಯಾಗಿ ಜೀವ ಹೋಗಬಹುದು. ಪೊಲೀಸ್ ಔಪಚಾರಿಕತೆಗೆ ಕಾಯದೆ ಮೊದಲು ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಪರಿಗಣಿಸಬೇಕೆನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಸರಕಾರಿ ನೌಕರನ ಮೇಲೆ ಒತ್ತಡ ಹೇರಲು ಮಾಡುವ ಯತ್ನವಷ್ಟೇ ಈಗ ಅಪರಾಧ. ಹೀಗಿರುವಾಗ ಸತ್ಯ ಮುಚ್ಚಿಡಲು ಕಾರಣವಿಲ್ಲ.

ಊರಿನಿಂದ ದೂರ, ಸಾಲ, ಪರೀಕ್ಷೆ, ಮನಸ್ತಾಪಗಳ ನಡುವೆ ಒಂಟಿಯಾದವರ ಕೈಗೆ ವಿಷ ಸುಲಭವಾಗಿ ಸಿಗದಂತೆ ನೋಡಿಕೊಳ್ಳುವುದೂ ಜೀವ ಉಳಿಸುವ ಕೆಲಸವೇ. ಬದುಕಿ ಬಂದವರನ್ನು ಗದರಿಸದೆ ಮಾತಾಡಿಸಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಆಪ್ತ ಸಲಹೆ ದೊರೆಯುತ್ತದೆ.

ಸಂಘ-ಸಂಸ್ಥೆಗಳ ಪಾತ್ರ

ಮಹಾರಾಷ್ಟ್ರದಲ್ಲಿ 2014ರಲ್ಲಿ 937 ವಾಹನಗಳೊಂದಿಗೆ ಆರಂಭವಾದ 108 ಆಂಬುಲೆನ್ಸ್ ಸೇವೆ ಉಚಿತ. ಕರ್ನಾಟಕದಲ್ಲಿ ಇದೇ ಸಂಖ್ಯೆಯ ಸೇವೆ 2008ರಿಂದಲೇ ಇದೆ. ಪ್ರಜ್ಞೆ ತಪ್ಪಿದ, ಉಸಿರಾಟಕ್ಕೆ ಕಷ್ಟಪಡುವ ರೋಗಿಗೆ ಆಮ್ಲಜನಕವಿರುವ ವಾಹನವೇ ಲೇಸು. ಎಚ್ಚರವಾಗಿದ್ದು ಆಸ್ಪತ್ರೆ ಐದು ನಿಮಿಷದ ದಾರಿಯಲ್ಲಿದ್ದರೆ ಸಿಕ್ಕ ಟ್ಯಾಕ್ಸಿಯಲ್ಲೇ ಹೊರಡಬಹುದು. ದಿಲ್ಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1995ರಿಂದ ಕಾರ್ಯಾಚರಿಸುತ್ತಿದೆ. ಅದರ ಉಚಿತ ಸಂಖ್ಯೆ 1800 116 117.

ಮುಂಬಯಿ ಕನ್ನಡಿಗರ ಸಂಘಗಳು ರಕ್ತದಾನ, ನೇತ್ರ ತಪಾಸಣೆ, ಮಧುಮೇಹ ಶಿಬಿರಗಳನ್ನು ವರ್ಷಂಪ್ರತಿ ಅಚ್ಚುಕಟ್ಟಾಗಿ ನಡೆಸಿಕೊಂಡು ಬರುತ್ತಿವೆ. ಅದೇ ವೇದಿಕೆಯಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟರೆ ಹೆಚ್ಚಿನ ಖರ್ಚಿಲ್ಲ. ಮಹಿಳಾ ವಿಭಾಗದವರು ಮನೆಯ ಕಪಾಟಿನ ಬಗ್ಗೆ, ಯುವ ವಿಭಾಗದವರು ಎದೆ ಒತ್ತುವ ತರಬೇತಿಯ ಬಗ್ಗೆ ಮುತುವರ್ಜಿ ವಹಿಸಬಹುದು. ಹೊಟೇಲು ಉದ್ಯಮಿಗಳು ತಮ್ಮ ಅಡುಗೆಮನೆಯ ಗೋಡೆಗೆ ಕನ್ನಡ, ಹಿಂದಿ, ಮರಾಠಿಯಲ್ಲಿ ಒಂದು ಹಾಳೆ ಅಂಟಿಸಬಹುದು. ಅದರಲ್ಲಿ ಇಷ್ಟಿದ್ದರೆ ಸಾಕು: ವಾಂತಿ ಮಾಡಿಸಬೇಡಿ. ಕುಡಿಯಲು ಏನೂ ಕೊಡಬೇಡಿ. ಎಡಮಗ್ಗುಲಿಗೆ ಮಲಗಿಸಿ. ಮೈ, ಕಣ್ಣಿಗೆ ಬಿದ್ದರೆ ನೀರು ಹರಿಸಿ. ಬಾಟಲಿ ಜೊತೆಗೆ ಕೊಂಡೊಯ್ಯಿರಿ. ಆಂಬುಲೆನ್ಸ್ 108, ಅಗ್ನಿಶಾಮಕ 101, ಎಲ್ಲ ತುರ್ತಿಗೆ 112. ಕೆಳಗೆ ಹತ್ತಿರದ ಸರಕಾರಿ ಆಸ್ಪತ್ರೆಯ ಹೆಸರು. ರಾತ್ರಿ ಎರಡು ಗಂಟೆಗೆ ಅಟ್ಟದಲ್ಲಿ ಮಲಗಿದ ಹುಡುಗ ಒದ್ದಾಡತೊಡಗಿದಾಗ ಪಕ್ಕದಲ್ಲಿ ಎಚ್ಚರಗೊಳ್ಳುವ ಇನ್ನೊಬ್ಬ ಹುಡುಗನಿಗೆ ಯಾರನ್ನೂ ಕೇಳದೆ ಹೊರಡುವ ಧೈರ್ಯ ಆ ಹಾಳೆಯಿಂದ ಬರಬೇಕು.